ಹಿಡಿ ಒಂದು, ಅಲಗು ಮೂರು: ಹಳೆ ಚಾಕು-ಕೊಡಲಿ ಸೆಟ್ ಅಲುಗಾಡಿದರೆ ಎಲ್ಲಿ ನೋಡಬೇಕು

ಒಂದೇ ಹಿಡಿಗೆ ಚಾಕು, ಗರಗಸ, ಸಣ್ಣ ಕೊಡಲಿ ಬದಲಿಸಿ ಹಾಕುವ ಹಳೆ ಸೆಟ್‌ಗಳನ್ನು ನೀವು ನೋಡಿರಬಹುದು. ಚರ್ಮದ ಚೀಲದಲ್ಲಿ ಮಡಚಿಟ್ಟಿರುತ್ತಾರೆ. ಅಮೆರಿಕದ ಕೇಸ್ ಕಂಪನಿ ಮಾಡಿದ್ದುಂಟು, ಜರ್ಮನಿಯ ಝೋಲಿಂಗನ್ ಊರಿನಲ್ಲಿ ಮಾಡಿದ್ದುಂಟು. ಬೆಳಗಾವಿಯಲ್ಲಿ ದಂಡಿನವರ ಮನೆಗಳು ಮೊದಲಿಂದ ಇವೆ, ಹಾಗಾಗಿ ಕ್ಯಾಂಪ್ ಕಡೆಯ ಹಳೆ ಸಾಮಾನಿನಲ್ಲಿ ಇಂಥದ್ದು ಸಿಕ್ಕರೆ ಆಶ್ಚರ್ಯವಿಲ್ಲ. ಸಿಕ್ಕ ಸೆಟ್‌ಗಳಲ್ಲಿ ಬಹುತೇಕಕ್ಕೆ ಒಂದೇ ರೋಗ: ಅಲಗು ಹಾಕಿದರೆ ಲಟಲಟ ಅಲುಗಾಡುತ್ತದೆ.

ಇದನ್ನು ಬರೆಯಲು ಕಾರಣ ಬೆಳಗಾವಿಯ ಕಾರ್ಖಾನೆ ಪ್ರದೇಶ ಉದ್ಯಮಬಾಗದ ಒಂದು ವರ್ಕ್‌ಶಾಪ್‌ನಲ್ಲಿ ಹುಡುಗನೊಬ್ಬ ಹೇಳಿದ ಮಾತು. "ಸರ, ಒಂದ ಟ್ಯಾಕ್ ಹೊಡದ ಬಿಡ್ತೀನಿ, ಜನ್ಮದಾಗ ಅಲುಗಾಡಂಗಿಲ್ಲ." ಟ್ಯಾಕ್ ಅಂದರೆ ಒಂದು ಚುಕ್ಕೆ ವೆಲ್ಡಿಂಗ್. ಹೌದು, ಅಲುಗಾಡುವುದಿಲ್ಲ. ಆದರೆ ಅಲಗೂ ಬದಲಾಗುವುದಿಲ್ಲ, ವೆಲ್ಡಿಂಗ್ ಬಿಸಿಗೆ ಉಕ್ಕಿನ ಹದವೂ ಹೋಗುತ್ತದೆ. ಆ ಹುಡುಗನದ್ದು ಒಳ್ಳೆ ಮನಸ್ಸು, ಕೈಯೂ ಒಳ್ಳೇದು. ಏನು ಸಡಿಲವಾಗಿದೆ ಅಂತ ನೋಡುವ ಮೊದಲೇ ಉಪಾಯ ಹೇಳಿದ, ಅಷ್ಟೇ. ಈ ಸೆಟ್‌ಗಳಲ್ಲಿ ಸಡಿಲ ಆಗುವ ಜಾಗ ಮೂರು. ಅಲಗು, ಹಿಡಿಯ ಸೀಳು, ಚಿಲಕ. ಯಾವುದು ಅಂತ ಗೊತ್ತಾಗುವವರೆಗೆ ಕಾನಸು (ಅರ) ಮುಟ್ಟಬೇಡಿ, ತಗಡು ತುರುಕಬೇಡಿ, ಸುತ್ತಿಗೆಯನ್ನಂತೂ ಎತ್ತಲೇಬೇಡಿ.

ಮೊದಲು ಅದು ಹೇಗೆ ಹಿಡಿದುಕೊಳ್ಳುತ್ತದೆ ನೋಡೋಣ. ಅಲಗಿನ ಹಿಂದೆ ಹಿಡಿಯೊಳಗೆ ಹೋಗುವ ಚಪ್ಪಟೆ ತುದಿ ಇರುತ್ತದೆ, ಅದನ್ನು ಬಾಲ ಅನ್ನೋಣ. ಹಿಡಿಯ ಬಾಯಲ್ಲಿ ಸೀಳು. ಬಾಲದಲ್ಲಿ ಒಂದು ತೂತೋ ಕಚ್ಚೋ ಇರುತ್ತದೆ. ಬಾಲ ಪೂರ್ತಿ ಒಳಗೆ ಹೋದಾಗ ಸ್ಪ್ರಿಂಗ್ ತಳ್ಳಿದ ಚಿಲಕ ಆ ಕಚ್ಚಿನೊಳಗೆ ಬಿದ್ದು ಕೂರುತ್ತದೆ, ಮನೆ ಬಾಗಿಲಿನ ಅಗಳಿ ಬಿದ್ದ ಹಾಗೆ. ಗುಂಡಿ ಒತ್ತಿದರೆ ಅಥವಾ ಸಣ್ಣ ಸನ್ನೆಕೋಲು ಎತ್ತಿದರೆ ಬಿಡುತ್ತದೆ. ಕೆಲವಕ್ಕೆ ಸ್ಪ್ರಿಂಗ್ ಬದಲು ತಿರುಪು ಇರುತ್ತದೆ. ರಚನೆ ಬೇರೆಬೇರೆ, ತತ್ವ ಒಂದೇ: ಎಡ-ಬಲ ಅಲುಗದಂತೆ ಸೀಳಿನ ಗೋಡೆ ಹಿಡಿಯುತ್ತದೆ, ಮುಂದೆ-ಹಿಂದೆ ಜಾರದಂತೆ ಚಿಲಕ ಹಿಡಿಯುತ್ತದೆ.

ಪರೀಕ್ಷೆಗೆ ಮುಂಚೆ ಅಲಗಿನ ಅಂಚಿಗೆ ದಪ್ಪ ಟೇಪ್ ಸುತ್ತಿ. ಕೊಡಲಿಯ ಬಾಯಿಗೆ ಉದ್ದಕ್ಕೆ ಸೀಳಿದ ನೀರಿನ ಪೈಪ್ ತುಂಡು ಹಾಕಿ. ಇದು ಅತಿ ಅನಿಸಿದರೂ ಮಾಡಿ. ಸಡಿಲ ಅಲಗು ಯಾವಾಗ ಬಿಡುತ್ತದೆ ಅಂತ ಯಾರಿಗೂ ಹೇಳಲು ಆಗಲ್ಲ, ನಾವು ಅಲುಗಾಡಿಸಿ ನೋಡುವುದೇ ಅದು ಬಿಡುತ್ತದಾ ಅಂತ ತಾನೇ.

ಹಿಡಿಯನ್ನು ವೈಸ್‌ನಲ್ಲಿ ಹಿಡಿಸಿ. ಎರಡೂ ಕಡೆ ಚರ್ಮ ಅಥವಾ ಮೆತ್ತನೆ ಮರದ ತುಂಡು ಇರಲಿ, ಹಗುರಾಗಿ ಬಿಗಿಯಿರಿ, ಎಲುಬು ಅಥವಾ ಕೊಂಬಿನ ಹಿಡಿ ಬೇಗ ಸೀಳುತ್ತದೆ. ಈಗ ಅಲಗನ್ನು ಎರಡು ಬೆರಳಲ್ಲಿ ಹಿಡಿದು ಮೂರು ದಿಕ್ಕಿಗೆ ಅಲುಗಾಡಿಸಿ. ಮುಂದೆ-ಹಿಂದೆ ಎಳೆದರೆ ಟಿಕ್ ಟಿಕ್ ಅಂತಿದ್ದರೆ ಅನುಮಾನ ಚಿಲಕದ ಮೇಲೆ. ಎಡ-ಬಲ ಅಲುಗಿದರೆ ಸೀಳು ಅಗಲವಾಗಿದೆ, ಇಲ್ಲವೇ ಬಾಲ ತೆಳುವಾಗಿದೆ. ಬೆನ್ನಿನಿಂದ ಅಂಚಿನ ಕಡೆಗೆ, ಅಂದರೆ ಮೇಲೆ-ಕೆಳಗೆ ಆಡಿದರೆ ಬಾಲದ ಅಗಲ ಸವೆದಿರುತ್ತದೆ ಅಥವಾ ಚಿಲಕದ ಪಿನ್ನು ಸವೆದು ಅದರ ಸುತ್ತ ಅಲಗು ತೂಗುತ್ತಿರುತ್ತದೆ.

ಆಮೇಲೆ ಅದೇ ಪರೀಕ್ಷೆಯನ್ನು ಸೆಟ್‌ನ ಎಲ್ಲಾ ಅಲಗು ಹಾಕಿ ಮಾಡಿ. ಇದು ಎಲ್ಲಕ್ಕಿಂತ ಮುಖ್ಯ, ಜನ ಬಿಡುವುದೂ ಇದನ್ನೇ. ಎಲ್ಲಾ ಅಲಗುಗಳೂ ಒಂದೇ ರೀತಿ ಆಡಿದರೆ ತಪ್ಪು ಹಿಡಿಯದ್ದು. ಕೊಡಲಿ ಮಾತ್ರ ಆಡಿ ಚಾಕು ಗಟ್ಟಿ ಕೂತರೆ ತಪ್ಪು ಕೊಡಲಿಯ ಬಾಲದ್ದು, ಹಿಡಿಯನ್ನು ಬಿಗಿ ಮಾಡಲು ಹೋದರೆ ನಾಳೆ ಚಾಕು ಒಳಗೇ ಹೋಗುವುದಿಲ್ಲ. ಸಾಮಾನ್ಯವಾಗಿ ಇಂಥ ಸೆಟ್‌ಗಳಲ್ಲಿ ಕೊಡಲಿಯೇ ಮೊದಲು ಸಡಿಲ ಆಗುವುದು, ಏಕೆಂದರೆ ಏಟೆಲ್ಲ ಅದೇ ತಿಂದಿರುತ್ತದೆ.

ಇನ್ನೊಂದು ಪರೀಕ್ಷೆ ಕಣ್ಣಿಗೆ ಕಾಣುವಂಥದ್ದು. ಕಪ್ಪು ಮಾರ್ಕರ್ ಪೆನ್ ತಗೊಂಡು ಬಾಲದ ಎರಡೂ ಮುಖಕ್ಕೆ ಬಳಿಯಿರಿ. ಒಣಗಲಿ. ಹಿಡಿಗೆ ಹಾಕಿ, ಚಿಲಕ ಬೀಳಿಸಿ, ಸ್ವಲ್ಪ ಹೊತ್ತು ಅಲುಗಾಡಿಸಿ, ತೆಗೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸರಿಯಾಗಿ ಕೂರುವ ಅಲಗಿನಲ್ಲಿ ಮಸಿ ಎರಡೂ ಬದಿ ಅಗಲವಾಗಿ, ತೆಳುವಾಗಿ ಒರೆಸಿ ಹೋಗಿರುತ್ತದೆ. ಸಡಿಲ ಅಲಗಿನಲ್ಲಿ ಬೇರೆಯೇ ಚಿತ್ರ. ಒಂದು ಮುಖದಲ್ಲಿ ಸೀಳಿನ ಬಾಯಿ ಹತ್ತಿರ ಒಂದು ಹೊಳೆಯುವ ಚುಕ್ಕೆ, ತಿರುಗಿಸಿದರೆ ಇನ್ನೊಂದು ಮುಖದಲ್ಲಿ ಬಾಲದ ಕೊನೆ ಹತ್ತಿರ ಇನ್ನೊಂದು ಚುಕ್ಕೆ. ಮಧ್ಯದಲ್ಲಿ ಮಸಿ ಹಾಗೇ ಇದೆ. ಅಂದರೆ ಅಲಗು ಆ ಎರಡು ಬಿಂದುಗಳ ಮೇಲೆ ಓಲಾಡುತ್ತಿದೆ, ಮಿಕ್ಕ ಜಾಗ ಗೋಡೆಗೆ ತಾಗುತ್ತಲೇ ಇಲ್ಲ. ಹಾಗೆಯೇ ಕಚ್ಚಿನ ಒಳಮುಖಕ್ಕೂ ಮಸಿ ಹಚ್ಚಿ ನೋಡಿ. ಚಿಲಕ ಪೂರ್ತಿ ಕೆಳಗೆ ಇಳಿಯುತ್ತಿದ್ದರೆ ಮಸಿ ಆಳದವರೆಗೆ ಅಳಿಸಿರುತ್ತದೆ. ತುದಿಯಲ್ಲಿ ಮಾತ್ರ ಕೂದಲೆಳೆಯಷ್ಟು ಗೆರೆ ಇದ್ದರೆ ಚಿಲಕ ಅರ್ಧದಲ್ಲೇ ನಿಂತಿದೆ ಅಂತ ಅರ್ಥ. ಇಂಥ ಸ್ಥಿತಿಯಲ್ಲಿ ಕೊಡಲಿ ಬೀಸುವುದು ನಿಜಕ್ಕೂ ಅಪಾಯ.

ಚಿಲಕ ಅರ್ಧದಲ್ಲಿ ನಿಂತಿದ್ದರೆ

ಖುಷಿ ಪಡಿ, ಇದು ಹೆಚ್ಚಾಗಿ ಕೊಳೆ. ನಮ್ಮ ಕಡೆಯ ಕೊಳೆಗೆ ನಮ್ಮದೇ ಕಾರಣಗಳಿವೆ.

ಒಂದು, ಖಂಡೆನವಮಿ. ವರ್ಷವರ್ಷ ಆಯುಧ ಪೂಜೆಗೆ ಇಟ್ಟು, ಅರಿಶಿನ-ಕುಂಕುಮ ಹಚ್ಚಿ, ನೀರು ಚಿಮುಕಿಸಿ, ಹಾಗೇ ಚೀಲಕ್ಕೆ ಹಾಕಿದರೆ ಆ ಪುಡಿ ಚಿಲಕದ ಗೂಡಿಗೆ ಇಳಿದು, ಜಂಗು ಸೇರಿ ಗಟ್ಟಿಯಾಗುತ್ತದೆ. ಪೂಜೆ ಮಾಡಿ, ಖಂಡಿತ ಮಾಡಿ. ಬೊಟ್ಟು ಹಿಡಿಗೆ ಇರಲಿ, ಮಾರನೇ ದಿನ ಒರೆಸಿ ಒಣಗಿಸಿ ಇಡಿ.

ಎರಡು, ಕುಸುಬೆ ಎಣ್ಣೆ. ವಿಜಯಪುರ, ಬಾಗಲಕೋಟೆ ಕಡೆ ಮನೆಯಲ್ಲಿ ಇದ್ದದ್ದೇ ಅದು, ಕಬ್ಬಿಣಕ್ಕೂ ಅದನ್ನೇ ಸವರುತ್ತಾರೆ. ಕುಸುಬೆ ಮತ್ತು ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿ, ಅದಕ್ಕೇ ಇವನ್ನು ಬಣ್ಣ ತಯಾರಿಸಲು ಬಳಸುತ್ತಾರೆ. ಚಿಲಕದೊಳಗೆ ಹೋದರೆ ಕೆಲವು ತಿಂಗಳಲ್ಲಿ ಹಳದಿ ಅಂಟಾಗಿ ಸ್ಪ್ರಿಂಗನ್ನೇ ಹಿಡಿದುಬಿಡುತ್ತದೆ. ಅಗಸೆ ಎಣ್ಣೆ ಮರದ ಹಿಡಿಗೆ ಬಹಳ ಒಳ್ಳೇದು. ಯಂತ್ರಕ್ಕೆ ಬೇಡ. ಯಂತ್ರಕ್ಕೆ ಹೊಲಿಗೆ ಮಷೀನಿನ ಎಣ್ಣೆ ಒಂದೆರಡು ಹನಿ ಸಾಕು.

ಮೂರು, ಹಸಿರು ಕೊಳೆ. ಹಿತ್ತಾಳೆಯ ಭಾಗ ಚರ್ಮಕ್ಕೆ ತಾಗಿಕೊಂಡು ವರ್ಷಗಟ್ಟಲೆ ಕೂತರೆ ಚರ್ಮದ ಆಮ್ಲ, ಕೊಬ್ಬು ಎಲ್ಲ ತಾಮ್ರದ ಜೊತೆ ಸೇರಿ ಮೇಣದಂಥ ಹಸಿರು ಅಂಟು ಆಗುತ್ತದೆ. ಬೆಳಗಾವಿ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಚರ್ಮದ ಚೀಲ ನೀರು ಹೀರದೆ ಇರುತ್ತದಾ?

ತೆಗೆಯುವ ಕ್ರಮ ಸುಲಭ. ಹಿಡಿಯ ಬಾಯಿ ಕೆಳಗೆ ಮಾಡಿ ಬಾಯಿಯಷ್ಟನ್ನೇ ಚಿಮಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ಅದ್ದಿಡಿ, ಸಿಗದಿದ್ದರೆ ಡೀಸೆಲ್ ಆದೀತು. ರಾತ್ರಿಯಿಡೀ ಹಾಗೇ ಇರಲಿ. ಮರ, ಕೊಂಬಿನ ಭಾಗಕ್ಕೆ ಎಣ್ಣೆ ಹರಿಯದಂತೆ ಬಟ್ಟೆ ಸುತ್ತಿ. ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್, ಚೂಪು ಮಾಡಿದ ಬಿದಿರು ಕಡ್ಡಿ, ಇವೆರಡರಲ್ಲೇ ಕೆರೆಯಿರಿ. ಉಕ್ಕಿನ ಸೂಜಿ ಬೇಡ. ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಾಗ ಕಂದು ಬಣ್ಣದ ನೀರು ಬರುತ್ತದೆ, ಅದು ನಿಲ್ಲುವವರೆಗೆ ಮಾಡಿ. ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿದರೆ ಮೂಲೆಯಲ್ಲಿ ಕೂತದ್ದೆಲ್ಲ ಹೊರಬರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹಿತ್ತಾಳೆ ಹೊಳೆಯಲಿ ಅಂತ ಹುಣಸೆಹಣ್ಣು ಹಚ್ಚುವ ಆಸೆ ಆಗುತ್ತದೆ. ಪಾತ್ರೆಗೆ ಸರಿ, ಇಲ್ಲಿ ಬೇಡ. ಹುಳಿ ಸೀಳಿನೊಳಗೆ ಉಳಿದು ಉಕ್ಕನ್ನು ತಿನ್ನುತ್ತದೆ.

ಇಷ್ಟು ಮಾಡಿ ಮತ್ತೆ ಮಸಿ ಪರೀಕ್ಷೆ ಮಾಡಿ. ಎಷ್ಟೋ ಸೆಟ್‌ಗಳ ಕಥೆ ಇಲ್ಲಿಗೇ ಮುಗಿಯುತ್ತದೆ, ಅದಕ್ಕೇ ಇದನ್ನು ಮೊದಲು ಹೇಳಿದ್ದು.

ಸ್ಪ್ರಿಂಗ್ ಸೋತಿದ್ದರೆ

ಸ್ವಚ್ಛ ಆದ ಮೇಲೂ ಗುಂಡಿ ನಿಧಾನವಾಗಿ ವಾಪಸ್ ಬರುತ್ತಿದ್ದರೆ, ಅಥವಾ ಬೆರಳಿಗೆ ಏನೂ ಎದುರೊತ್ತು ಸಿಗದಿದ್ದರೆ ಸ್ಪ್ರಿಂಗ್ ಸೋತಿದೆ. ಬಿಚ್ಚುವಾಗ ಇಡೀ ಹಿಡಿಯನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಕೈಯನ್ನೂ ಒಳಗೆ ಹಾಕಿ ಬಿಚ್ಚಿ. ಸ್ಪ್ರಿಂಗ್ ಹಾರಿದರೆ ಚೀಲದಲ್ಲೇ ಇರುತ್ತದೆ.

ಸುರುಳಿ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಹಾಕುವವರಿದ್ದಾರೆ. ನಾಲ್ಕು ದಿನ ನಡೆಯುತ್ತದೆ, ಆಮೇಲೆ ಮತ್ತೆ ಅಷ್ಟೇ. ಅದೇ ತಂತಿ ದಪ್ಪ, ಅದೇ ಹೊರ ಅಳತೆಯ ಹೊಸದನ್ನು ಹಾಕಿ. ಹಳೆಯದನ್ನು ಹಾರ್ಡ್‌ವೇರ್ ಅಂಗಡಿಗೆ ತಗೊಂಡು ಹೋಗಿ ಹೋಲಿಸಿ ತನ್ನಿ. ಚಪ್ಪಟೆ ಪಟ್ಟಿ ಸ್ಪ್ರಿಂಗ್ ಆದರೆ ಕೀಲಿ ಕೊಡುವ ಹಳೆ ಅಲಾರಂ ಗಡಿಯಾರದ ಸುರುಳಿ ಪಟ್ಟಿ ಬಹಳ ಚೆನ್ನಾಗಿ ಆಗುತ್ತದೆ, ಅದು ಹದ ಮಾಡಿದ ಸ್ಪ್ರಿಂಗ್ ಉಕ್ಕೇ. ಗಡಿಯಾರದಿಂದ ತೆಗೆಯುವಾಗ ಹುಷಾರ್, ಕೀಲಿ ಪೂರ್ತಿ ಇಳಿದಿರಬೇಕು, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಹ್ಯಾಕ್ಸಾ ಬ್ಲೇಡ್ ತುಂಡು ಹಾಕುವ ಪದ್ಧತಿ ನಮ್ಮಲ್ಲಿ ಜಾಸ್ತಿ, ನನಗೆ ಅದು ಒಪ್ಪಿಗೆ ಇಲ್ಲ. ಪೂರ್ತಿ ಗಡಸು ಬ್ಲೇಡ್ ಬಾಗುವುದಿಲ್ಲ, ಮುರಿಯುತ್ತದೆ, ಅದೂ ಕೆಲಸದ ನಡುವೆ ಮುರಿಯುತ್ತದೆ.

ಕಚ್ಚು ಅಥವಾ ಚಿಲಕದ ಮೂತಿ ಸವೆದಿದ್ದರೆ

ಇಲ್ಲಿ ತಾಳ್ಮೆ ಬೇಕು. ಭೂತಗನ್ನಡಿಯಲ್ಲಿ ಚಿಲಕದ ಮೂತಿ ನೋಡಿ. ಅದು ಸ್ವಲ್ಪ ಓರೆಯಾಗಿದೆಯಾ, ನೇರವಾಗಿದೆಯಾ? ಈ ಒಂದು ಪ್ರಶ್ನೆಯ ಮೇಲೆ ಮುಂದಿನದೆಲ್ಲ ನಿಂತಿದೆ.

ಓರೆ ಮೂತಿಯ ಚಿಲಕ ಸವೆದಷ್ಟೂ ಇನ್ನಷ್ಟು ಆಳಕ್ಕೆ ಇಳಿದು ತಾನೇ ಬಿಗಿ ಮಾಡಿಕೊಳ್ಳುತ್ತದೆ, ಮಾಡಿದವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಅದರ ಮುಖದಲ್ಲಿ ಮೆಟ್ಟಿಲು ಬಿದ್ದಿದ್ದರೆ, ಅಂದರೆ ಏಟು ತಿಂದ ಜಾಗದಲ್ಲಿ ಒಂದು ಸಣ್ಣ ತೋಡು ಕೊರೆದಿದ್ದರೆ, ಸೂಜಿ ಕಾನಸಿನಲ್ಲಿ ಒಂದೇ ದಿಕ್ಕಿಗೆ ಹಗುರಾಗಿ ಎಳೆದು ಓರೆಯನ್ನು ಮತ್ತೆ ಸಮ ಮಾಡಬಹುದು. ಎರಡು ಮೂರು ಎಳೆತಕ್ಕೊಮ್ಮೆ ಮಸಿ ಹಚ್ಚಿ ಹಾಕಿ ನೋಡಿ. ಮಸಿ ಇಡೀ ಮುಖದಲ್ಲಿ ಅಳಿಸತೊಡಗಿದ ಕೂಡಲೇ ನಿಲ್ಲಿಸಿ. ಕಾನಸು ಜಾರುತ್ತಿದೆ, ಕಚ್ಚುತ್ತಿಲ್ಲ ಅಂದರೆ ಉಕ್ಕು ಗಡಸಾಗಿದೆ, ನುಣುಪು ಎಣ್ಣೆಗಲ್ಲಿನ ಚೂರಿನಿಂದ ಉಜ್ಜಿ.

ನೇರ ಮೂತಿ, ಅಥವಾ ದುಂಡು ಪಿನ್ನು ಇದ್ದರೆ ಕಾನಸು ಹಾಕಲೇಬೇಡಿ. ಉಜ್ಜಿದಷ್ಟೂ ಸಡಿಲ ಜಾಸ್ತಿ ಆಗುತ್ತದೆ. ಇಲ್ಲಿ ಪಿನ್ನನ್ನೇ ಬದಲಿಸಬೇಕು, ಸ್ವಲ್ಪ ದಪ್ಪದ್ದು. ಡ್ರಿಲ್ ಬಿಟ್‌ಗಳು 0.1 ಮಿ.ಮೀ. ಅಂತರದಲ್ಲಿ ಸಿಗುತ್ತವೆ, ಅವುಗಳ ಹಿಂಭಾಗದ ನುಣುಪು ದಂಡನ್ನು ಒಂದೊಂದಾಗಿ ಬಾಲದ ತೂತಿನಲ್ಲಿ ತೂರಿಸಿ ಯಾವುದು ಅಲುಗದೆ ಕೂರುತ್ತದೆ ನೋಡಿ. ಅದೇ ನಿಮ್ಮ ಅಳತೆ. ಆ ಅಳತೆ ತಗೊಂಡು ಲೇತ್ ಅಂಗಡಿಗೆ ಹೋದರೆ ಉದ್ಯಮಬಾಗದಲ್ಲಿ ಅಂಥ ಪಿನ್ನು ಮಾಡಿಕೊಡುವ ಕೈಗಳಿಗೆ ಬರವಿಲ್ಲ, ಹೈಡ್ರಾಲಿಕ್ ಭಾಗಗಳನ್ನು ಇದಕ್ಕಿಂತ ಸೂಕ್ಷ್ಮ ಅಳತೆಗೆ ತಿರುವುವವರು ಅವರು. "ಒಂದು ಪಿನ್ನು ಮಾಡಿ" ಅಂತ ಮಾತ್ರ ಹೇಳಬೇಡಿ, ಹಿಡಿ, ಅಲಗು ಎರಡೂ ಅವರ ಕೈಗೆ ಕೊಟ್ಟು ಎಲ್ಲಿ ಕೂರಬೇಕು ತೋರಿಸಿ. ಉಳಿದ ಅಲಗುಗಳ ತೂತೂ ಅಷ್ಟೇ ಸವೆದಿದೆಯಾ ಅಂತ ಮೊದಲು ನೋಡಿಕೊಂಡಿರಬೇಕು, ಇಲ್ಲದಿದ್ದರೆ ದಪ್ಪ ಪಿನ್ನು ಕೊಡಲಿಗೆ ಸರಿ, ಚಾಕುವಿಗೆ ಹೋಗುವುದಿಲ್ಲ. ಅಳತೆ ಬೇರೆಬೇರೆ ಬಂದರೆ ಹೆಚ್ಚು ಬಳಸುವ ಅಲಗಿಗೆ ಹೊಂದಿಸುವ ಬದಲು ಎಲ್ಲಕ್ಕಿಂತ ಚಿಕ್ಕ ತೂತಿಗೆ ಪಿನ್ನು ಹೊಂದಿಸಿ. ಅಲಗುಗಳ ತೂತನ್ನು ದೊಡ್ಡದು ಮಾಡುವ ವಿಚಾರ ಬೇಡ. ಪಿನ್ನು ಇನ್ನೊಂದು ಮಾಡಿಸಬಹುದು. ಅಲಗು ಎಲ್ಲಿಂದ ತರುತ್ತೀರಿ?

ಸೀಳು ಬಾಯಿ ಬಿಟ್ಟಿದ್ದರೆ

ಎಲ್ಲಾ ಅಲಗೂ ಎಡ-ಬಲ ಆಡುತ್ತಿವೆ, ಮಸಿಯ ಚುಕ್ಕೆ ಎಲ್ಲದರಲ್ಲೂ ಬಾಯಿ ಹತ್ತಿರವೇ ಬಂದಿದೆ ಅಂದರೆ ಸೀಳು ಅಗಲವಾಗಿದೆ. ಕೊಡಲಿಯ ಹಿಂಭಾಗದಿಂದ ಗೂಟ, ಮೊಳೆ ಹೊಡೆದವರ ಕೆಲಸ ಇದು. ಗ್ಯಾರೇಜ್‌ನವರ ಫೀಲರ್ ಗೇಜ್, ಅಂದರೆ ಸಂದು ಅಳೆಯಲು ಬೇರೆಬೇರೆ ದಪ್ಪದ ಉಕ್ಕಿನ ಎಲೆಗಳ ಕಟ್ಟು, ಇದ್ದರೆ ಬಾಲದ ಪಕ್ಕಕ್ಕೆ ಎಷ್ಟು ದಪ್ಪದ ಎಲೆ ಹೋಗುತ್ತದೆ ಅಂತ ನೋಡಿ ಬರೆದಿಟ್ಟುಕೊಳ್ಳಿ.

ಬಾಯಿಯ ಲೋಹ ಯಾವುದು ಅಂತ ಮೊದಲು ತಿಳಿಯಬೇಕು. ಹಿತ್ತಾಳೆ ಆದರೆ ಬಾಗುತ್ತದೆ. ಬೂದು ಬಣ್ಣದ ಎರಕದ ಲೋಹ ಆದರೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ, ಅದನ್ನು ಒತ್ತಬೇಡಿ. ಹಿತ್ತಾಳೆಯ ಬಾಯಿಯನ್ನು ಒತ್ತುವುದಾದರೆ ಸೀಳಿನೊಳಗೆ ಬಾಲದಷ್ಟೇ ದಪ್ಪದ ಫೀಲರ್ ಎಲೆಗಳನ್ನು ಜೋಡಿಸಿ ಇಡಿ, ಆಗ ಅತಿಯಾಗಿ ಮುಚ್ಚಿಕೊಳ್ಳುವ ಭಯ ಇಲ್ಲ. ವೈಸ್‌ನ ಹಲ್ಲಿಗೆ ಅಲ್ಯೂಮಿನಿಯಂ ತಗಡು ಹಾಕಿ. ಕಾಲು ಸುತ್ತು ತಿರುಗಿಸಿ, ಬಿಡಿ, ಅಲಗು ಹಾಕಿ ನೋಡಿ. ಮತ್ತೆ ಸ್ವಲ್ಪ. ಲೋಹ ಒತ್ತಿದಷ್ಟು ನಿಲ್ಲುವುದಿಲ್ಲ, ಕೊಂಚ ವಾಪಸ್ ಬರುತ್ತದೆ, ಅದಕ್ಕೆ ಗಾಬರಿಯಾಗಿ ಒಮ್ಮೆಲೇ ಬಿಗಿಯಬಾರದು.

ಕೆಲವೊಮ್ಮೆ ಬಾಯಿ ಸರಿಯಿದ್ದು ಹಿಡಿಯ ರಿವಿಟ್‌ಗಳೇ ಸಡಿಲ ಇರುತ್ತವೆ. ಹಿಡಿಯನ್ನು ಕಿವಿ ಹತ್ತಿರ ಹಿಡಿದು ಹಿಂಡಿದರೆ ಕಿರ್ರ್ ಅನ್ನುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಇದು ಸಹಜ. ಏಪ್ರಿಲ್-ಮೇನಲ್ಲಿ ರಿವಿಟ್ ಬಡಿದು ಬಿಗಿ ಮಾಡಿದರೆ ಮಳೆ ಬಿದ್ದು ಮರ ಉಬ್ಬಿದಾಗ ರಿವಿಟ್ ಪಕ್ಕದಲ್ಲೇ ಸೀಳುತ್ತದೆ. ಮೊದಲು ಅಗಸೆ ಎಣ್ಣೆ ತೆಳುವಾಗಿ ಹೊರಮೈಗೆ ಹಚ್ಚಿ, ಮಳೆ ಶುರುವಾಗುವವರೆಗೆ ಕಾದು ನೋಡಿ. ಆಗಲೂ ಸಡಿಲ ಇದ್ದರೆ ಸಣ್ಣ ಗುಂಡುಮೂತಿ ಸುತ್ತಿಗೆಯಲ್ಲಿ ರಿವಿಟ್ ತಲೆಯ ಸುತ್ತ ಹಗುರಾಗಿ ತಟ್ಟಿ, ಕೆಳಗೆ ಉಕ್ಕಿನ ಆಸರೆ ಇರಲಿ. ಎಲುಬು, ಕೊಂಬು, ಹಳೆ ಸೆಲ್ಯುಲಾಯ್ಡ್ ಹಿಡಿಗಳಿಗೆ ಈ ತಟ್ಟುವ ಕೆಲಸ ಬೇಡ. ಸೆಲ್ಯುಲಾಯ್ಡ್ ಬಗ್ಗೆ ಇನ್ನೊಂದು ಮಾತು. ಹಳೆಯದಾದಾಗ ಅದು ಕೆಟ್ಟು ಆಮ್ಲದ ಹಬೆ ಬಿಡುತ್ತದೆ, ಪಕ್ಕದ ಉಕ್ಕಿಗೆಲ್ಲ ಜಂಗು ಹಿಡಿಸುತ್ತದೆ. ಬೇಗ ಹೊತ್ತಿಕೊಳ್ಳುತ್ತದೆ ಕೂಡ, ಬೆಂಕಿ ಹತ್ತಿರ ತರಬೇಡಿ.

ಬಾಲ ತೆಳುವಾಗಿದ್ದರೆ

ಯಾರೋ ಹಿಂದೆ ಜಂಗು ತೆಗೆಯಲು ಗ್ರೈಂಡರ್ ಹಿಡಿದಿರುತ್ತಾರೆ, ಅಷ್ಟೇ. ಒಂದು ಅಲಗು ಮಾತ್ರ ಆಡುತ್ತಿದ್ದರೆ ಇದೇ ಕಾರಣ ಇರಬಹುದು, ವರ್ನಿಯರ್‌ನಲ್ಲಿ (ದಪ್ಪ ಅಳೆಯುವ ಉಪಕರಣ) ಅಳೆದು ಉಳಿದ ಬಾಲಗಳ ಜೊತೆ ಹೋಲಿಸಿ. ಇದಕ್ಕೆ ತಗಡು ಪದರ ಸರಿಯಾದ ಮದ್ದು. ಹಿತ್ತಾಳೆಯ ಶಿಮ್ ಹಾಳೆ (ಸಂದು ತುಂಬುವ ತೆಳು ತಗಡು) ಸಿಕ್ಕರೆ ಉತ್ತಮ, ಸಿಗದಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಪ್ರಯೋಗಕ್ಕೆ ಸಾಕು. ಪದರವನ್ನು ಬಾಲದ ಆಕಾರಕ್ಕೆ ಕತ್ತರಿಸಿ, ಕಚ್ಚಿನ ಜಾಗ ಬಿಟ್ಟು, ಎರಡೂ ಬದಿ ಪಾಲಿಶ್ ಪೇಪರ್ ಉಜ್ಜಿ, ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ಒಂದೇ ಮುಖಕ್ಕೆ ಹಾಕಿದರೆ ಅಲಗು ಹಿಡಿಗೆ ಓರೆಯಾಗಿ ಕಾಣಬಹುದು, ಅಂಥಲ್ಲಿ ಎರಡೂ ಮುಖಕ್ಕೆ ತೆಳು ಪದರ ಹಾಕಿ. ಕಾಗದ, ಬಟ್ಟೆ, ಸೈಕಲ್ ಟ್ಯೂಬ್ ತುರುಕುವುದು ವ್ಯರ್ಥ. ಏಟಿಗೆ ಒತ್ತಿಕೊಂಡು ಮತ್ತೆ ಸಡಿಲ, ಮೇಲಾಗಿ ತೇವ ಹಿಡಿದಿಟ್ಟು ಜಂಗು ಹಿಡಿಸುತ್ತವೆ.

ಬಾಲದ ಬುಡದಲ್ಲಿ ತಯಾರಕರ ಮುದ್ರೆ ಇರುವುದು ಸಾಮಾನ್ಯ. ಅಲ್ಲಿ ಕಾನಸು, ಪಾಲಿಶ್ ಪೇಪರ್ ಏನೂ ಬೇಡ. ಅದು ಅಳಿಸಿದರೆ ಸೆಟ್ ಎಲ್ಲಿಯದು, ಯಾವ ಕಾಲದ್ದು ಅಂತ ಹೇಳುವ ಒಂದೇ ಗುರುತು ಹೋಯಿತು.

ಕೊಡಲಿಗೆ ಬೇರೆ ಲೆಕ್ಕ

ಚಾಕು ಕೂದಲೆಳೆಯಷ್ಟು ಆಡಿದರೆ ಹಣ್ಣು ಹೆಚ್ಚಲು ತೊಂದರೆ ಇಲ್ಲ. ಕೊಡಲಿ ಆಡಲೇಬಾರದು. ರಿಪೇರಿ ಆದ ಮೇಲೆ ಬಾಲಕ್ಕೆ ಮಸಿ ಹಚ್ಚಿ, ಮುಂದೆ-ಹಿಂದೆ ಯಾರೂ ನಿಲ್ಲದಂತೆ ನೋಡಿ, ಮೆತ್ತನೆ ಒಣ ಕಟ್ಟಿಗೆಯ ಮೇಲೆ ಕೆಲವು ಹಗುರ ಏಟು ಹಾಕಿ. ತೆಗೆದು ನೋಡಿ. ಹೊಸ ಚುಕ್ಕೆ ಹುಟ್ಟಿದ್ದರೆ ಕೆಲಸ ಇನ್ನೂ ಮುಗಿದಿಲ್ಲ. ಚಿಲಕ ತಾನೇ ಸ್ವಲ್ಪ ಮೇಲೆದ್ದಿದ್ದರೆ ಆ ಕೊಡಲಿಯನ್ನು ಬೀಸುವುದು ಅಲ್ಲಿಗೇ ಬಿಡಿ.

ಜಾಲಿ ಕಟ್ಟಿಗೆಗೆ ಇದನ್ನು ಯಾವತ್ತೂ ಬಳಸಬೇಡಿ. ಅದಕ್ಕೆ ನಮ್ಮ ಕಂಬಾರರು ಮಾಡುವ ಕೊಡಲಿ ಇದೆ, ತೂತಿನೊಳಗೆ ಮರದ ಕಾವು (ಹಿಡಿಕೆ) ತೂರಿಸಿ ಬೆಣೆ ಹೊಡೆದದ್ದು, ಏಟಿನ ಭಾರವೆಲ್ಲ ಕಾವು ಹೊರುತ್ತದೆ. ಈ ಸೆಟ್‌ನ ಕೊಡಲಿಯಲ್ಲಿ ಅದೇ ಭಾರವನ್ನು ಬೆರಳ ಗಾತ್ರದ ಚಿಲಕ ಹೊರಬೇಕು. ಒಲೆಗೆ ಸಣ್ಣ ಚಕ್ಕೆ ಸೀಳಲು, ಬಿಡಾರದಲ್ಲಿ ಟೊಂಗೆ ಸವರಲು ಸಾಕು.

ಬಾಲದ ಕಚ್ಚಿನ ಮೂಲೆಯಿಂದ ಬಿರುಕು ಹೊರಟಿದೆಯಾ ಅಂತಲೂ ನೋಡಿ. ಚಿಮಣಿ ಎಣ್ಣೆ ಹಚ್ಚಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ತೆಳು ಗೆರೆ ಮೂಡುತ್ತದೆ. ಗೆರೆ ಮೂಡಿದ ಅಲಗನ್ನು ವೆಲ್ಡ್ ಮಾಡಿಸಬೇಡಿ, ಸಾಣೆಯೂ ಬೇಡ. ಎಣ್ಣೆ ಹಚ್ಚಿ ಸೆಟ್ ಜೊತೆ ಇಡಿ, ಹಿಡಿಗೆ ಮಾತ್ರ ಹಾಕಬೇಡಿ. ಇಡುವಾಗ ಅಲಗುಗಳನ್ನು ಚರ್ಮದ ಚೀಲದಿಂದ ಹೊರಗೆ, ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಬೇರೆಬೇರೆ ಸುತ್ತಿಡಿ. ಚೀಲ ಪಕ್ಕದಲ್ಲೇ ಖಾಲಿ ಇರಲಿ.